ಬಾಯ್ಲರ್ ಡ್ರಮ್ಮಿಗೆ ಹಾಕಿದ ಡಿಪಿ ಟ್ರಾನ್ಸ್‌ಮಿಟರ್: ಎಂಟು ವರ್ಷ ಬಳಸಿದ ಮೇಲೆ

ನಮ್ಮ ಬಾಯ್ಲರಿನಲ್ಲಿ ಒಂದೇ ಮಾಡೆಲ್‌ನ ಐದು ಡಿಫರೆನ್ಷಿಯಲ್ ಪ್ರೆಶರ್ ಟ್ರಾನ್ಸ್‌ಮಿಟರ್‌ಗಳಿವೆ, ಅಂದರೆ ಎರಡು ಕಡೆಯ ಒತ್ತಡದ ವ್ಯತ್ಯಾಸ (ಡಿಪಿ) ಅಳೆದು ಕಂಟ್ರೋಲ್ ರೂಮಿಗೆ ತಿಳಿಸುವ ಸಾಧನಗಳು. ಮೂರು ಡ್ರಮ್ ಲೆವೆಲ್‌ಗೆ (ನೀರು, ಸ್ಟೀಮ್ ಬೇರೆಯಾಗುವ ಡ್ರಮ್ಮಿನಲ್ಲಿ ನೀರಿನ ಮಟ್ಟ), ಒಂದು ಸ್ಟೀಮ್ ಫ್ಲೋಗೆ, ಒಂದು ಫೀಡ್ ವಾಟರ್ ಫ್ಲೋಗೆ (ಬಾಯ್ಲರಿಗೆ ಹೋಗುವ ನೀರಿನ ಹರಿವು). ಎಂಟು ವರ್ಷದ ಹಿಂದೆ ಅವನ್ನು ಪೆಟ್ಟಿಗೆಯಿಂದ ತೆಗೆದು ಕೂರಿಸಿದವನು ನಾನೇ. ಇವತ್ತಿಗೂ ನೋಡಿಕೊಳ್ಳುತ್ತಿರುವವನೂ ನಾನೇ. ಕಂಪನಿಯ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವುದರಲ್ಲಿ ಬಹುಪಾಲು, ನೀವು ಯಾವ ಕಂಪನಿಯ ಡಿಪಿ ಟ್ರಾನ್ಸ್‌ಮಿಟರ್ ಕೊಂಡರೂ ಎದುರಾಗುವಂಥದ್ದೇ.

ಐದರಲ್ಲಿ ಒಂದರ ಸೆನ್ಸರ್ ಕೂಡ ಈವರೆಗೆ ಕೆಟ್ಟಿಲ್ಲ. ಆದರೂ "ಟ್ರಾನ್ಸ್‌ಮಿಟರ್ ತಪ್ಪು ತೋರಿಸ್ತಿದೆ" ಎಂಬ ಕರೆ ನನಗೆ ಬಂದದ್ದು ಎಷ್ಟು ಸಲವೋ. ಹೋಗಿ ನೋಡಿದರೆ, ಅದು ತನ್ನ ಡಯಾಫ್ರಾಮಿಗೆ ತಾಗಿದ ಒತ್ತಡವನ್ನು ಸರಿಯಾಗಿಯೇ ಅಳೆಯುತ್ತಿರುತ್ತಿತ್ತು. ನಾವು ಅಂದುಕೊಂಡ ಒತ್ತಡ ಅಲ್ಲಿ ಇರುತ್ತಿರಲಿಲ್ಲ, ಅಷ್ಟೇ. ಈ ವಿಮರ್ಶೆಯಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಹಾಗಾಗಿ ಸಾಧನದಷ್ಟೇ ಅದರ ಸುತ್ತಲಿನದ್ದನ್ನೂ ಬರೆಯುತ್ತೇನೆ.

ಒಳಗೆ ಏನಿದೆ ಅಂತ ಮೊದಲು ಹೇಳುತ್ತೇನೆ. ನಮ್ಮದು ಕೆಪ್ಯಾಸಿಟೆನ್ಸ್ ಸೆಲ್ ಇರುವ ಜಾತಿ. ಎರಡು ಬದಿಗೂ ತೆಳುವಾದ ಸ್ಟೀಲ್ ಡಯಾಫ್ರಾಮ್. ಒಂದು ಎಚ್‌ಪಿ (ಹೈ ಪ್ರೆಶರ್) ಬದಿ, ಇನ್ನೊಂದು ಎಲ್‌ಪಿ (ಲೋ ಪ್ರೆಶರ್) ಬದಿ. ಅವುಗಳ ಹಿಂದೆ ಸಿಲಿಕೋನ್ ಎಣ್ಣೆ. ನಡುವೆ ಇನ್ನೊಂದು ಡಯಾಫ್ರಾಮ್, ಅದರ ಎರಡೂ ಕಡೆ ಅಲುಗಾಡದ ಪ್ಲೇಟ್‌ಗಳು. ಒಂದು ಕಡೆ ಒತ್ತಡ ಜಾಸ್ತಿಯಾದರೆ ಎಣ್ಣೆ ಅದನ್ನು ನಡುವಿನ ಡಯಾಫ್ರಾಮಿಗೆ ದಾಟಿಸುತ್ತದೆ. ಅದು ಒಂದು ಪ್ಲೇಟಿಗೆ ಹತ್ತಿರ, ಇನ್ನೊಂದಕ್ಕೆ ದೂರ ಸರಿಯುತ್ತದೆ. ಎಷ್ಟು ಸರಿಯುತ್ತದೆ ಗೊತ್ತಾ? ಪೂರ್ತಿ ಬಾಗಿದರೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅಷ್ಟರಲ್ಲೇ ಎರಡು ಕಡೆಯ ಕೆಪ್ಯಾಸಿಟೆನ್ಸ್ ಬದಲಾಗುತ್ತದೆ. ಒಳಗಿನ ಪ್ರೊಸೆಸರ್ ಅದನ್ನು ಓದಿ, ಉಷ್ಣಾಂಶದ ಪರಿಣಾಮ ಕಳೆದು, ಒತ್ತಡದ ಸಂಖ್ಯೆಯಾಗಿ ಮಾಡುತ್ತದೆ. ಈ ಕೆಲಸಕ್ಕೆ ಸಿಲಿಕಾನ್ ಚಿಪ್ಪಿನ ಮೇಲೆ ಸ್ಟ್ರೇನ್ ಗೇಜ್ ಇರುವ ಮಾಡೆಲ್‌ಗಳೂ ಇವೆ. ಬಳಸುವವರಿಗೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ನನಗೆ ಇಂದಿಗೂ ಬಹಳ ಇಷ್ಟವಾಗುವುದು ಎರಡೇ ತಂತಿಯ ಏರ್ಪಾಡು. ಕಂಟ್ರೋಲ್ ರೂಮಿನಿಂದ 24 ವೋಲ್ಟ್ ಹೋಗುತ್ತದೆ. ಅದೇ ತಂತಿಯಲ್ಲಿ ಅಳತೆ ವಾಪಸ್ ಬರುತ್ತದೆ. ಹೊಸಬರು ಟ್ರಾನ್ಸ್‌ಮಿಟರ್ ಕರೆಂಟ್ ಕಳಿಸುತ್ತದೆ ಅಂದುಕೊಳ್ಳುತ್ತಾರೆ. ಅದು ಕಳಿಸುವುದಿಲ್ಲ. ನಲ್ಲಿಯ ಹಾಗೆ, ಹರಿಯುವ ಕರೆಂಟನ್ನು ಹಿಡಿದು ಬಿಡುತ್ತದೆ. ಅಳತೆ ಸೊನ್ನೆ ಇದ್ದರೆ 4 ಮಿಲಿಆಂಪ್ ಬಿಡುತ್ತದೆ, ಪೂರ್ತಿ ಇದ್ದರೆ 20. ಆ ಕೆಳಗಿನ 4 ಮಿಲಿಆಂಪಿನಲ್ಲೇ ಅದರ ಸೆನ್ಸರ್, ಪ್ರೊಸೆಸರ್, ಡಿಸ್‌ಪ್ಲೇ ಎಲ್ಲವೂ ಬದುಕಬೇಕು. ತಂತಿ ತುಂಡಾದರೆ ಕರೆಂಟ್ 0 ಆಗುತ್ತದೆ. ಆಗ "ಲೆವೆಲ್ ಇಲ್ಲ" ಮತ್ತು "ತಂತಿ ಇಲ್ಲ" ಎಂಬ ಎರಡು ಬೇರೆಬೇರೆ ಸಂಗತಿಗಳು ಬೆರೆಯುವುದಿಲ್ಲ. ಕೇಬಲ್ ಉದ್ದವಾಗಿ ರೆಸಿಸ್ಟೆನ್ಸ್ ಜಾಸ್ತಿಯಾದರೂ ಕರೆಂಟ್ ಅಷ್ಟೇ ಇರುತ್ತದೆ, ಟ್ರಾನ್ಸ್‌ಮಿಟರಿಗೆ ಬೇಕಾದ ಕನಿಷ್ಠ ವೋಲ್ಟೇಜ್ ಸಿಕ್ಕರೆ ಸಾಕು. ಆ ಕಡೆ 250 ಓಮ್ ಇಟ್ಟರೆ 1ರಿಂದ 5 ವೋಲ್ಟ್ ಸಿಗುತ್ತದೆ.

ಸಾಧನದ ಜೊತೆ ಡಿಜಿಟಲ್ ಆಗಿ ಮಾತಾಡುವ ಹಾರ್ಟ್ (HART) ಸಂವಹನವೂ ಅದೇ ತಂತಿಯ ಮೇಲೆ ಸವಾರಿ ಮಾಡುತ್ತದೆ. 1ಕ್ಕೆ 1200 ಹರ್ಟ್ಜ್, 0ಗೆ 2200 ಹರ್ಟ್ಜ್. ಈ ಅಲೆಯ ಸರಾಸರಿ ಸೊನ್ನೆ. ಹಾಗಾಗಿ ಮೂಲ ಕರೆಂಟ್ ಅಲುಗಾಡುವುದಿಲ್ಲ. ಲೂಪಿನಲ್ಲಿ 250 ಓಮ್‌ನಷ್ಟು ರೆಸಿಸ್ಟೆನ್ಸ್ ಇಲ್ಲದಿದ್ದರೆ ಹ್ಯಾಂಡ್‌ಹೆಲ್ಡ್ ಕಮ್ಯುನಿಕೇಟರಿಗೆ ಸಾಧನ ಸಿಗುವುದೇ ಇಲ್ಲ. ಬೆಂಚಿನ ಮೇಲೆ ಬರೀ ಪವರ್ ಸಪ್ಲೈ ಕೊಟ್ಟು "ಹಾರ್ಟ್ ಕೆಟ್ಟಿದೆ" ಎಂದು ಪಕ್ಕಕ್ಕಿಟ್ಟ ಸಾಧನಗಳನ್ನು ನಾನು ನೋಡಿದ್ದೇನೆ. ಒಂದು ರೆಸಿಸ್ಟರ್ ಹಾಕಿದ ಕೂಡಲೇ ಮಾತಾಡಿದವು.

ಈಗ ಡ್ರಮ್ ಲೆವೆಲ್ ವಿಷಯ. ಎಂಟು ವರ್ಷದಲ್ಲಿ ನನ್ನ ಸಮಯ ಹೆಚ್ಚು ತಿಂದದ್ದು ಇದೇ.

ನಮ್ಮ ಡ್ರಮ್ಮಿನ ಕೆಳಗಿನ ಟ್ಯಾಪಿಗೂ (ಒತ್ತಡ ತೆಗೆದುಕೊಳ್ಳುವ ತೂತು) ಮೇಲಿನ ಟ್ಯಾಪಿಗೂ 600 ಮಿಮೀ ಅಂತರ. ಕೆಳಗಿನದು ಎಚ್‌ಪಿಗೆ, ಮೇಲಿನದು ಎಲ್‌ಪಿಗೆ. ಮೇಲಿನ ಟ್ಯಾಪಿನಲ್ಲಿ ಕಂಡೆನ್ಸೇಟ್ ಪಾಟ್ ಇದೆ. ಸ್ಟೀಮ್ ಅಲ್ಲಿ ನೀರಾಗಿ ಎಲ್‌ಪಿ ಲೈನ್ ಯಾವಾಗಲೂ ತುಂಬಿರುತ್ತದೆ. ಇದೇ ವೆಟ್ ಲೆಗ್. ಅಂದರೆ ಎಲ್‌ಪಿ ಕಡೆ ಯಾವಾಗಲೂ 600 ಮಿಮೀ ತಣ್ಣನೆ ನೀರಿನ ಭಾರ. ಹಾಗಾಗಿ ನಮ್ಮ ಡಿಪಿ ಯಾವತ್ತೂ ಮೈನಸ್ಸಿನಲ್ಲೇ ಇರುತ್ತದೆ.

ಡ್ರಮ್ ಒಳಗೆ 40 ಬಾರ್ ಒತ್ತಡದಲ್ಲಿ ನೀರು ಸುಮಾರು 250 ಡಿಗ್ರಿ. ಆ ನೀರು ತಣ್ಣೀರಿಗಿಂತ ಹಗುರ. ತಣ್ಣೀರು ಘನ ಮೀಟರಿಗೆ 1000 ಕೆಜಿ ತೂಗಿದರೆ ಇದು 800 ಕೆಜಿ. ಸ್ಟೀಮ್ ಕೂಡ ಸುಮಾರು 20 ಕೆಜಿ ತೂಗುತ್ತದೆ. ಒತ್ತಡವನ್ನು ತಣ್ಣೀರಿನ ಎತ್ತರದ ಮಿಮೀಯಲ್ಲಿ ಲೆಕ್ಕ ಹಾಕಿ: ಲೆವೆಲ್ ಕೆಳಗಿನ ಟ್ಯಾಪಿನಲ್ಲಿದ್ದರೆ ಎಚ್‌ಪಿ ಕಡೆ ಬರೀ ಸ್ಟೀಮಿನ 12 ಮಿಮೀ. ಡಿಪಿ ಮೈನಸ್ 588. ಲೆವೆಲ್ ಮೇಲಿನ ಟ್ಯಾಪಿಗೆ ಬಂದರೆ 480 ಮಿಮೀ. ಡಿಪಿ ಮೈನಸ್ 120. ಆದ್ದರಿಂದ 4 ಮಿಲಿಆಂಪಿಗೆ ಮೈನಸ್ 588, 20ಕ್ಕೆ ಮೈನಸ್ 120 ಎಂದು ರೇಂಜ್ ಹಾಕಿದ್ದೇವೆ. ಎರಡರ ನಡುವಿನ ಅಂತರ, ಅಂದರೆ ಸ್ಪ್ಯಾನ್, 468.

ಇದರ ಒಂದು ಫಲ ಪ್ರತಿ ಸಲ ಬಾಯ್ಲರ್ ಹೊತ್ತಿಸುವಾಗಲೂ ಕಾಣುತ್ತದೆ. ತಣ್ಣಗಿರುವ ಡ್ರಮ್ಮಿನಲ್ಲಿ ನೀರು ಸರಿಯಾಗಿ ಅರ್ಧ ಇದ್ದಾಗ ಡಿಪಿ ಮೈನಸ್ 300. ಈ ರೇಂಜಿನಲ್ಲಿ ಅದು ಸುಮಾರು 62 ಶೇಕಡ. ಪ್ಯಾನೆಲ್ಲಿನಲ್ಲಿ 62, ಗೇಜ್ ಗ್ಲಾಸಿನಲ್ಲಿ (ಡ್ರಮ್ಮಿನ ನೀರಿನ ಮಟ್ಟ ಕಣ್ಣಿಗೆ ಕಾಣುವ ಗಾಜು) 50. ಯಾರ ತಪ್ಪೂ ಅಲ್ಲ. ಒತ್ತಡ ಏರಿದ ಹಾಗೆ ಎರಡೂ ಹತ್ತಿರ ಬರುತ್ತವೆ. ಡ್ರಮ್ ಪ್ರೆಶರ್ ತೆಗೆದುಕೊಂಡು ಡಿಸಿಎಸ್‌ನಲ್ಲಿ (ಕಂಟ್ರೋಲ್ ರೂಮಿನ ಕಂಪ್ಯೂಟರ್ ವ್ಯವಸ್ಥೆ) ಡೆನ್ಸಿಟಿ ಕಾಂಪೆನ್ಸೇಷನ್, ಅಂದರೆ ಸಾಂದ್ರತೆಯ ತಿದ್ದುಪಡಿ, ಹಾಕಿದ ಮೇಲೆ ಈ ಗೊಂದಲ ಹೋಯಿತು. ಮೊದಲ ದಿನವೇ ಹಾಕಬೇಕಿತ್ತು.

ಮೊದಲ ವರ್ಷದ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಆಪರೇಟರ್ ಫೋನ್ ಮಾಡಿದರು. "ಸಾರ್, ಪ್ಯಾನೆಲ್‌ನಲ್ಲಿ ಐವತ್ತೇ ಇದೆ. ಗ್ಲಾಸ್‌ನಲ್ಲಿ ನೀರು ತುಂಬಾ ಕೆಳಗೆ ಹೋಗಿದೆ. ಒಂದ್ಸಲ ಬಂದು ನೋಡ್ತೀರಾ?"

"ಬಂದೆ. ಅಷ್ಟರಲ್ಲಿ ಫೀಡ್ ಕಂಟ್ರೋಲ್ ಮ್ಯಾನ್ಯುಯಲ್‌ಗೆ ಹಾಕಿ. ಗ್ಲಾಸ್ ನೋಡ್ಕೊಂಡೇ ನಡೆಸಿ."

ಹೋಗಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಟ್ರಾನ್ಸ್‌ಮಿಟರ್ ಹತ್ತಿರ ಇಂಪಲ್ಸ್ ಲೈನ್ (ಟ್ಯಾಪಿನಿಂದ ಒತ್ತಡ ತರುವ ಕೊಳವೆ) ತಣ್ಣಗಿರಬೇಕು. ಅಲ್ಲಿ ನೀರು ಹರಿಯುವುದಿಲ್ಲವಲ್ಲ. ಆ ಒಂದು ಟ್ರಾನ್ಸ್‌ಮಿಟರಿನ ಎಲ್‌ಪಿ ಲೈನ್ ಮಾತ್ರ ಬಿಸಿಯಿತ್ತು. ಮ್ಯಾನಿಫೋಲ್ಡಿನ (ಟ್ರಾನ್ಸ್‌ಮಿಟರಿಗೆ ಜೋಡಿಸಿದ ವಾಲ್ವ್‌ಗಳ ಕಟ್ಟು) ಈಕ್ವಲೈಸಿಂಗ್ ವಾಲ್ವ್, ಅಂದರೆ ಎಚ್‌ಪಿ, ಎಲ್‌ಪಿ ಎರಡನ್ನೂ ಕೂಡಿಸುವ ವಾಲ್ವ್, ಮುಚ್ಚಿದ್ದರೂ ಒಳಗೊಳಗೇ ಪಾಸ್ ಆಗುತ್ತಿತ್ತು. ವೆಟ್ ಲೆಗ್ಗಿನ ನೀರು ಎಚ್‌ಪಿ ಕಡೆಗೆ ಜಾರುತ್ತಿತ್ತು. ಪಾಟಿನಲ್ಲಿ ಸ್ಟೀಮ್ ನೀರಾಗುವ ವೇಗ ಅದಕ್ಕೆ ಸಾಲುತ್ತಿರಲಿಲ್ಲ. ವೆಟ್ ಲೆಗ್ 100 ಮಿಮೀ ಇಳಿದರೆ ಲೆವೆಲ್ ಸುಮಾರು 21 ಶೇಕಡ ಹೆಚ್ಚು ಕಾಣುತ್ತದೆ. ಈ ತಪ್ಪಿನ ಅಪಾಯ ಇರುವುದು ಅದರ ದಿಕ್ಕಿನಲ್ಲಿ. ನಿಜವಾದ ನೀರು ಕಡಿಮೆ, ತೋರಿಸುವುದು ಜಾಸ್ತಿ. ಆಗ ಕಂಟ್ರೋಲರ್ ಇನ್ನಷ್ಟು ನೀರು ಕಡಿತ ಮಾಡುತ್ತದೆ. ನೀರಿಲ್ಲದೆ ಟ್ಯೂಬ್ ಕಾದರೆ ಏನಾಗುತ್ತದೆ ಎಂದು ಬಾಯ್ಲರ್ ಹತ್ತಿರ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂದು ಗ್ಲಾಸ್ ನೋಡಿದ ಆ ಆಪರೇಟರ್‌ಗೆ ನಾನು ಇಂದಿಗೂ ಋಣಿ.

ಆಗ ಮೂರು ಟ್ರಾನ್ಸ್‌ಮಿಟರ್ ಇದ್ದರೂ ಕಂಟ್ರೋಲಿಗೆ ಒಂದನ್ನೇ ಆರಿಸಿದ್ದರು. ಉಳಿದೆರಡು ಸುಮ್ನೆ ಸ್ಕ್ರೀನಿನಲ್ಲಿ ಕಾಣುತ್ತಿದ್ದವು. ಮರುವಾರವೇ ಮೂರರಲ್ಲಿ ನಡುವಿನ ಬೆಲೆ ತೆಗೆದುಕೊಳ್ಳುವ ಹಾಗೆ ಬದಲಿಸಿದೆವು. ಮೂರರ ನಡುವೆ ಅಂತರ ಜಾಸ್ತಿಯಾದರೆ ಅಲಾರಂ. ಮೂರಕ್ಕೂ ಬೇರೆಬೇರೆ ಟ್ಯಾಪ್ ಇರುವುದರಿಂದ ಇದಕ್ಕೆ ಅರ್ಥವಿದೆ. ಒಂದೇ ಟ್ಯಾಪಿಗೆ ಮೂರನ್ನೂ ಕಟ್ಟಿದ್ದರೆ ಮೂರೂ ಸೇರಿ ಒಂದೇ ತಪ್ಪು ಹೇಳುತ್ತಿದ್ದವು.

ವೆಟ್ ಲೆಗ್ ಇರುವಲ್ಲಿ ಜೀರೋ ನೋಡುವುದಕ್ಕೂ ಎಚ್ಚರ ಬೇಕು. ಎಚ್‌ಪಿ, ಎಲ್‌ಪಿ ಲೈನುಗಳನ್ನು ಮುಚ್ಚುವ ಎರಡೂ ಬ್ಲಾಕ್ ವಾಲ್ವ್ ತೆರೆದಿರುವಾಗ ಈಕ್ವಲೈಸಿಂಗ್ ವಾಲ್ವ್ ತೆರೆಯಲೇಬಾರದು. ಮೊದಲು ಎಚ್‌ಪಿ ಬ್ಲಾಕ್ ಮುಚ್ಚಬೇಕು, ಆಮೇಲೆ ಈಕ್ವಲೈಸಿಂಗ್ ತೆರೆಯಬೇಕು. ಈಗ ಡಿಪಿ ಸೊನ್ನೆ. ಆದರೆ ನಮ್ಮ ರೇಂಜಿನಲ್ಲಿ ಸೊನ್ನೆ ಡಿಪಿ ಅಂದರೆ 125 ಶೇಕಡ. ಕರೆಂಟ್ 20.5 ಮಿಲಿಆಂಪಿನಲ್ಲಿ ಹೋಗಿ ನಿಂತುಬಿಡುತ್ತದೆ. ಮಲ್ಟಿಮೀಟರ್ ಹಿಡಿದು 4 ಮಿಲಿಆಂಪ್ ಬರಲಿ ಎಂದು ಕಾದರೆ ಯಾವತ್ತೂ ಬರುವುದಿಲ್ಲ. ಕಮ್ಯುನಿಕೇಟರಿನಲ್ಲಿ ಒತ್ತಡದ ಓದನ್ನೇ ನೋಡಬೇಕು. ಅಲ್ಲಿ 0 ಇಲ್ಲದಿದ್ದರೆ ಜೀರೋ ಟ್ರಿಮ್. ಇದನ್ನು ಲೈನ್ ಪ್ರೆಶರ್ ಇರುವಾಗಲೇ ಮಾಡುವುದು ಒಳ್ಳೆಯದು. ಎರಡೂ ಕಡೆ 40 ಬಾರ್ ಕೂತಾಗ ಸೆಲ್ಲಿನ ಸೊನ್ನೆ ಸ್ವಲ್ಪ ಸರಿಯುತ್ತದೆ, ಆ ಸರಿತವೂ ಟ್ರಿಮ್‌ನಲ್ಲಿ ಹೋಗುತ್ತದೆ.

ಈ ಮಾಡೆಲ್ ಮೇಲೆ ನನಗಿರುವ ದೊಡ್ಡ ದೂರು ಇಲ್ಲೇ ಇದೆ. ಹೆಡ್ಡಿನ ಮೇಲಿರುವ ಜೀರೋ ಬಟನ್ ಒತ್ತಿದರೆ ಅದು ಟ್ರಿಮ್ ಮಾಡುವುದಿಲ್ಲ. ಆ ಕ್ಷಣದ ಒತ್ತಡವನ್ನೇ 4 ಮಿಲಿಆಂಪ್ ಮಾಡಿಬಿಡುತ್ತದೆ. ಅಂದರೆ ರೇಂಜೇ ಬದಲಾಯಿತು. ಟ್ರಿಮ್ ಅಂದರೆ ಸಾಧನಕ್ಕೆ "ನೀನು ಓದುತ್ತಿರುವುದು ತಪ್ಪು, ಸರಿ ಇದು" ಎಂದು ತಿದ್ದುವುದು. ರೇಂಜ್ ಅಂದರೆ "ಇಷ್ಟು ಒತ್ತಡಕ್ಕೆ ಇಷ್ಟು ಕರೆಂಟ್ ಬಿಡು" ಎಂದು ಹೇಳುವುದು. ಎರಡೂ ಬೇರೆ ಕೆಲಸ. ಬಟನ್ನಿನ ಮೇಲೆ ಬರೆದ ಒಂದೇ ಪದ ಅವೆರಡನ್ನೂ ಬೆರೆಸುತ್ತದೆ. ಒಬ್ಬ ಹೊಸ ಹುಡುಗ ಒಳ್ಳೆಯ ಮನಸ್ಸಿನಿಂದ ಒತ್ತಿದ್ದ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅಂದಿನಿಂದ ಐದೂ ಸಾಧನಗಳಲ್ಲಿ, ಸೆಟ್ಟಿಂಗ್ ಬದಲಾಗದಂತೆ ತಡೆಯುವ ರೈಟ್ ಪ್ರೊಟೆಕ್ಟ್ ಸ್ವಿಚ್ ಹಾಕಿಟ್ಟಿದ್ದೇವೆ.

ಸ್ಟೀಮ್ ಫ್ಲೋ ಟ್ರಾನ್ಸ್‌ಮಿಟರ್ ಕೊಟ್ಟ ತೊಂದರೆ ಬೇರೆ ಥರ. ಫುಲ್ ಲೋಡಿನಲ್ಲಿ ಸ್ಟೀಮ್ ಫ್ಲೋ, ಫೀಡ್ ವಾಟರ್ ಫ್ಲೋ ಎರಡೂ ಸರಿಯಾಗಿ ಹೊಂದುತ್ತಿದ್ದವು. ಲೋಡ್ ಇಳಿದರೆ ಸ್ಟೀಮ್ ಮಾತ್ರ ಜಾಸ್ತಿ. ನೀರು 50 ಶೇಕಡ ಇದ್ದಾಗ ಸ್ಟೀಮ್ 71. ಹೋಗದ ನೀರು ಸ್ಟೀಮಾಗಿ ಹೊರಬರುವುದುಂಟೇ? ಆರಿಫಿಸ್‌ನಲ್ಲಿ (ಹರಿವು ಅಳೆಯಲು ಪೈಪಿನೊಳಗೆ ಹಾಕುವ ತೂತಿನ ತಟ್ಟೆ) ಡಿಪಿ, ಹರಿವಿನ ವರ್ಗದ ಹಾಗೆ ಏರುತ್ತದೆ. ಅರ್ಧ ಹರಿವಿಗೆ ಡಿಪಿ ಕಾಲು ಭಾಗ. ಅದಕ್ಕೇ ಎಲ್ಲೋ ಒಂದು ಕಡೆ ಸ್ಕ್ವೇರ್ ರೂಟ್ ತೆಗೆಯಬೇಕು. ನಮ್ಮಲ್ಲಿ ಟ್ರಾನ್ಸ್‌ಮಿಟರಿನಲ್ಲೂ ತೆಗೆದಿದ್ದರು, ಡಿಸಿಎಸ್‌ನಲ್ಲೂ ತೆಗೆದಿದ್ದರು. 0.25ರ ರೂಟ್ 0.5, ಅದರ ರೂಟ್ 0.707. ಫುಲ್ ಲೋಡಿನಲ್ಲಿ 1ರ ರೂಟ್ ಎಷ್ಟು ಸಲ ತೆಗೆದರೂ 1, ಹಾಗಾಗಿ ತಪ್ಪು ಅಡಗಿತ್ತು. ಟ್ರಾನ್ಸ್‌ಮಿಟರನ್ನು ಲೀನಿಯರ್ ಮಾಡಿ, ಟ್ಯಾಗ್ ಪ್ಲೇಟಿನ ಮೇಲೆ ಹಾಗೇ ಬರೆದೆವು.

ಐದನೇ ವರ್ಷದ ಮಳೆಗಾಲದಲ್ಲಿ ಫೀಡ್ ವಾಟರ್ ಫ್ಲೋ ನಿಧಾನವಾಗಿ ಮೇಲೇರತೊಡಗಿತು. ಕಮ್ಯುನಿಕೇಟರ್ ಹಾಕಿದರೆ ಸಾಧನ ತಾನು 11.2 ಮಿಲಿಆಂಪ್ ಬಿಡುತ್ತಿದ್ದೇನೆ ಎನ್ನುತ್ತಿದೆ. ಲೂಪಿನಲ್ಲಿ ಮೀಟರ್ ಇಟ್ಟರೆ 11.9. ನಡುವಿನ 0.7 ಎಲ್ಲಿಂದ ಬಂತು? ಟರ್ಮಿನಲ್ ಮುಚ್ಚಳ ಬಿಚ್ಚಿದೆ. ಒಳಗೆ ನೀರು. ಕೇಬಲ್ ಒಳಹೋಗುವ ಜಾಗವನ್ನು ಬಿಗಿಯಾಗಿ ಮುಚ್ಚುವ ಕೇಬಲ್ ಗ್ಲ್ಯಾಂಡ್ ಸಡಿಲವಾಗಿ ತೇವ ಒಳಗಿಳಿದು ಪ್ಲಸ್ಸಿನಿಂದ ಮೈನಸ್ಸಿಗೆ ತನ್ನದೇ ದಾರಿ ಮಾಡಿಕೊಂಡಿತ್ತು. ಟ್ರಾನ್ಸ್‌ಮಿಟರ್ ತನ್ನ ಪಾಲಿನ ಕರೆಂಟನ್ನು ಸರಿಯಾಗಿಯೇ ಬಿಡುತ್ತಿತ್ತು, ಸೋರಿಕೆ ಅದರ ಮೇಲೆ ಕೂಡುತ್ತಿತ್ತು. ಎಲೆಕ್ಟ್ರಾನಿಕ್ಸ್ ಇರುವ ಕೋಣೆ ಗೋಡೆಯಾಚೆ ಬೇರೆಯೇ ಇದ್ದುದರಿಂದ ಸಾಧನ ಉಳಿಯಿತು. ಒರೆಸಿ, ಒಣಗಿಸಿ, ಗ್ಲ್ಯಾಂಡ್ ಬದಲಿಸಿ, ಕೇಬಲನ್ನು ಗ್ಲ್ಯಾಂಡಿಗಿಂತ ಕೆಳಗೆ ಇಳಿಸಿ ಮತ್ತೆ ಮೇಲೆ ತಂದೆವು. ಈಗ ಮಳೆನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಸಾಧನ ಹೇಳುವ ಕರೆಂಟಿಗೂ ಲೂಪಿನ ಕರೆಂಟಿಗೂ ತಾಳೆ ನೋಡುವುದು ಎರಡು ನಿಮಿಷದ ಕೆಲಸ. ಹಾರ್ಟ್ ಇರುವವರು ದಯವಿಟ್ಟು ಮಾಡಿ.

ಇನ್ನು ಸಣ್ಣ ದೂರುಗಳು. ಬಾಯ್ಲರ್ ಹತ್ತಿರದ ಬಿಸಿಗೆ ಎರಡು ಡಿಸ್‌ಪ್ಲೇ ಕಪ್ಪಾಗಿವೆ, ಅಳತೆಗೆ ತೊಂದರೆಯಿಲ್ಲ. ಮುಚ್ಚಳದ ಥ್ರೆಡ್‌ಗೆ ಗ್ರೀಸ್ ಹಚ್ಚದಿದ್ದರೆ ಎರಡು ವರ್ಷದಲ್ಲಿ ಹಿಡಿದುಕೊಳ್ಳುತ್ತದೆ. ಡ್ಯಾಂಪಿಂಗ್ (ಓದಿನ ಏರಿಳಿತವನ್ನು ತಗ್ಗಿಸುವ ಸೆಟ್ಟಿಂಗ್) ಫ್ಯಾಕ್ಟರಿಯಿಂದ ಬಂದ ಹಾಗೇ ಬಿಟ್ಟರೆ ಡ್ರಮ್ ಲೆವೆಲ್ ಕುಣಿಯುತ್ತದೆ. ನಾವು 2 ಸೆಕೆಂಡಿಗೆ ಇಟ್ಟಿದ್ದೇವೆ.

ಕ್ಯಾಲಿಬ್ರೇಷನ್ ಬಗ್ಗೆ ಹೊಗಳಲೇಬೇಕು. ಪ್ರತಿ ವಾರ್ಷಿಕ ಶಟ್‌ಡೌನಿನಲ್ಲಿ ಐದು ಬಿಂದುಗಳಲ್ಲಿ ಮೇಲೇರಿಸಿ, ಕೆಳಗಿಳಿಸಿ ನೋಡುತ್ತೇನೆ. ಎಂಟು ವರ್ಷದ ಹಾಳೆಗಳು ಒಂದೇ ಫೈಲಿನಲ್ಲಿವೆ. ಅತಿ ಹೆಚ್ಚು ಸರಿದದ್ದು 0.02 ಮಿಲಿಆಂಪ್, ಅದೂ ಜೀರೋದಲ್ಲಿ. ಸ್ಪ್ಯಾನ್ ಮುಟ್ಟುವ ಅಗತ್ಯವೇ ಬಂದಿಲ್ಲ. ಸರಿಯಾಗಿರುವುದನ್ನು ಪ್ರತಿ ವರ್ಷ "ಇನ್ನೂ ಸರಿ" ಮಾಡಲು ಹೋಗದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಮತ್ತೆ ಕೊಳ್ಳುವುದಾದರೆ ಇದೇ ಟ್ರಾನ್ಸ್‌ಮಿಟರ್ ಕೇಳುತ್ತೇನೆ. ಆದರೆ ಮ್ಯಾನಿಫೋಲ್ಡ್ ಮತ್ತು ಗ್ಲ್ಯಾಂಡ್‌ಗಳನ್ನು ನಾನೇ ಆರಿಸುತ್ತೇನೆ, ಕಂಡೆನ್ಸೇಟ್ ಪಾಟ್ ಸ್ವಲ್ಪ ದೊಡ್ಡದನ್ನೇ ಹಾಕಿಸುತ್ತೇನೆ. ಮುಂದಿನ ಶಟ್‌ಡೌನಿನಲ್ಲಿ ಮೂರೂ ಲೆವೆಲ್ ಟ್ರಾನ್ಸ್‌ಮಿಟರ್‌ಗಳ ಮ್ಯಾನಿಫೋಲ್ಡ್ ಬದಲಾಗಲಿವೆ. ಅಲ್ಲಿಯವರೆಗೆ ಪ್ರತಿ ಶಿಫ್ಟಿನಲ್ಲೂ ಮೂರು ಓದುಗಳ ಪಕ್ಕದಲ್ಲಿ ಗೇಜ್ ಗ್ಲಾಸಿನ ಓದನ್ನು ಆಪರೇಟರ್‌ಗಳು ಕೈಯಾರೆ ಬರೆಯುತ್ತಿದ್ದಾರೆ.