ಮಣೂಕದ ಬಾಕ್ಸಿನ್ಯಾಗ ಒಂದು ಸ್ಟೀಲ್ ಗುಂಡಿ: ಥರ್ಮೋಕ್ರಾನ್ ಮತ್ತ ಓಡಬ್ಲ್ಯುಎಫ್‌ಎಸ್, ಒಂದು ಸೀಜನ್ ಬಳಸಿದ ಮ್ಯಾಲ

ಹೋದ ವರ್ಷ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಿದ್ದ ನಮ್ಮ ಮಣೂಕ (ಒಣದ್ರಾಕ್ಷಿ) ಮೂರು ತಿಂಗಳಿಗೆ ಹೊರಗ ತಗದ್ರ ಹಸಿರ ಬಣ್ಣ ಹೋಗಿ ಕಂದಾಗಿತ್ತು, ರೇಟ್ ಬಿತ್ತು. ಕೇಳಾಕ ಹೋದ್ರ "ಮೀಟರ್ ನೋಡ್ರಿ ಅಣ್ಣಾರ, 4 ಡಿಗ್ರಿ ಐತಿ" ಅಂದ್ರು. ಮೀಟರ್ ಬಾಗಲದ ಹೊರಗ, ಅದರ ಸೆನ್ಸರ್ ಕೂಲರಿನ ಬಾಯಿ ಮುಂದ, ಅದು 4 ತೋರಸದ ಮತ್ತೇನು ತೋರಸತೈತಿ. ಅದಕ ಈ ಸಲ ಮಾಲಿನ ಜೊತಿ ನಮ್ಮದೊಂದು ಸಾಕ್ಷಿ ಕಳಸೂಣು ಅಂತ ಟೆಂಪರೇಚರ್ ತಾನ ಬರಕೊಂತ ಹೋಗೋ ಡಿಎಸ್1921ಜಿ ಅನ್ನೋ ಥರ್ಮೋಕ್ರಾನ್ ಗುಂಡಿ ಮೂರು ತರಿಸಿದ್ವಿ.

ಅಂಗಿ ಗುಂಡಿಗಿಂತ ತುಸು ದೊಡ್ಡದು, ದಪ್ಪ, ಒಳಗ ಬ್ಯಾಟರಿ ಗಡಿಯಾರ ಸೆನ್ಸರ್ ಮೆಮೊರಿ ಎಲ್ಲಾ ಐತಿ, ವೈರ್ ಇಲ್ಲ, ಕಂಪ್ಯೂಟರ್ ಹಚ್ಚಿಡೂದು ಬ್ಯಾಡ. ಡಲ್ಲಾಸ್ ಸೆಮಿಕಂಡಕ್ಟರ್ ಮಾಡಿದ್ದು, ಆ ಕಂಪನಿ 2001ರಾಗ ಮ್ಯಾಕ್ಸಿಮ್‌ಗೆ ಹೋತು, ಮ್ಯಾಕ್ಸಿಮ್ 2021ರಾಗ ಅನಲಾಗ್ ಡಿವೈಸಸ್‌ಗೆ ಹೋತು. ಬ್ಯಾಟರಿ ಮುಗೀತಂದ್ರ ಗುಂಡಿನ ಮುಗೀತು, ಬದಲಿ ಮಾಡಾಕ ಬರೂದಿಲ್ಲ, ಇದೊಂದು ಸಿಟ್ಟು ನನಗ.

ಓದಾಕ ಡಿಎಸ್9490ಆರ್ ಯುಎಸ್‌ಬಿ ಅಡಾಪ್ಟರ್ ಬೇಕು. ಕಂಪನಿದು ಮೌಸ್‌ಲೇ ನಡಸೋ ಸಾಫ್ಟ್‌ವೇರ್ ಐತಿ, ಜಾವಾ ಬೇಡತೈತಿ, ನಮ್ಮ ಹಳೆ ಉಬುಂಟು ಲ್ಯಾಪ್‌ಟಾಪಿನ್ಯಾಗ ಅದರ ಗೊಡವಿ ಬ್ಯಾಡ ಅಂತ ಓಡಬ್ಲ್ಯುಎಫ್‌ಎಸ್ ಹಾಕಿದೆ, ಗುಂಡಿಗಳನ್ನ ಫೋಲ್ಡರ್, ಫೈಲ್ ಹಂಗ ತೋರಸೋ ಪ್ರೋಗ್ರಾಂ ಅದು, ಕಮಾಂಡ್ ಟೈಪ್ ಮಾಡಿ ನಡಸೂದು. ಓಡಬ್ಲ್ಯುಡಿರ್ ಅಂದ್ರ ಸಿಕ್ಕ ಗುಂಡಿಗಳ ಪಟ್ಟಿ, ಓಡಬ್ಲ್ಯುರೀಡ್ ಅಂದ್ರ ಓದೂದು, ಓಡಬ್ಲ್ಯುರೈಟ್ ಅಂದ್ರ ಬರೆಯೂದು, ಇಷ್ಟ ಕಲಿಯೂದು. ಪ್ರತಿ ಗುಂಡಿಗೂ ಒಂದು ಫೋಲ್ಡರ್, 21ರಿಂದ ಶುರು ಆಗೋ ಹೆಸರು, ಒಳಗ ಟೆಂಪರೇಚರ್, ಲಾಗ್, ಮಿಷನ್ ಅಂತ ಎಲ್ಲಾ ಫೈಲ್‌ಗಳ. ಹತ್ತು ಸಾಲಿನ ಸ್ಕ್ರಿಪ್ಟ್ ಬರದ್ರ ಮೂರೂ ಗುಂಡಿ ಓದಿ ಸಿಎಸ್‌ವಿ ಮಾಡಿ ಇಡತೈತಿ, ಮೌಸ್ ಹಿಡಿಯೂದ ಬ್ಯಾಡ.

ಆದ್ರ ಮೊದಲ ದಿನ ನನ್ನ ಮಂಗ್ಯಾ ಮಾಡ್ತು. ಇನ್‌ಸ್ಟಾಲ್ ಆದ ಕೂಡಲೇ ಎರಡು ಡಿವೈಸ್ ಕಾಣಿಸಿದ್ವು, ಟೆಂಪರೇಚರೂ ಬರಾಕತ್ತಿತು, ಖುಷಿಲೇ ನೋಡ್ತೀನಿ, ಗುಂಡಿಗಳು ಇನ್ನಾ ಕೊರಿಯರ್ ಡಬ್ಬಿನ್ಯಾಗ ಅದಾವ! ಓಡಬ್ಲ್ಯುಎಫ್‌ಎಸ್ ಕಾನ್ಫಿಗ್ ಫೈಲಿನ್ಯಾಗ ಫೇಕ್ ಅಂತ ಒಂದು ಸಾಲ ಇರತೈತಿ, ಟೆಸ್ಟಿಗೆ ಸುಳ್ಳ ಸೆನ್ಸರ್ ತೋರಸೂದು ಅದು, ಅದನ್ನ ತಗದು ಯುಎಸ್‌ಬಿ ಸಾಲ ಹಾಕಬೇಕು. ಅದಾದ ಮ್ಯಾಲೂ ಅಡಾಪ್ಟರ್ ಸಿಗವಲ್ದು, ಯಾಕಂದ್ರ ಕರ್ನಲ್ಲಿನ (ಉಬುಂಟುದ ಒಳಗಿನ ಮೂಲ ಪ್ರೋಗ್ರಾಂ) ಡಿಎಸ್2490 ಮಾಡ್ಯೂಲ್ ಅಡಾಪ್ಟರನ್ನ ಮೊದಲ ಹಿಡಕೊಂಡ ಕುಂತಿರತೈತಿ, ಆ ಮಾಡ್ಯೂಲ್ ಬ್ಲಾಕ್‌ಲಿಸ್ಟ್ ಮಾಡಿದ್ರ, ಅಂದ್ರ ಶುರುನ ಆಗದಂಗ ತಡದ್ರ, ಸರಿ. ಇವೆರಡರಾಗ ಒಂದು ರಾತ್ರಿ ಹೋತು.

ಮೆಮೊರಿ 2048 ರೀಡಿಂಗ್, 1ರಿಂದ 255 ನಿಮಿಷದ ತನಕ ಅಂತರ ಇಡಬಹುದು. 15 ನಿಮಿಷಕ್ಕ ಇಟ್ರ 21 ದಿನಕ್ಕ ತುಂಬತೈತಿ, ತಾಸಿಗೊಂದ ಇಟ್ರ 85 ದಿನ. ನಾ 30 ಇಟ್ಟೆ, 42 ದಿನಕ್ಕೊಮ್ಮಿ ಹೋಗಿ ಓದಕೊಂಡ ಬಂದೆ. ಅರ್ಧ ಅರ್ಧ ಡಿಗ್ರಿ ಲೆಕ್ಕದಾಗ ಬರೀತೈತಿ, 1 ಡಿಗ್ರಿ ಹೆಚ್ಚುಕಮ್ಮಿ ಇರತೈತಿ ಅಂತ ಕಂಪನಿನ ಹೇಳೈತಿ. ಮೂರನ್ನೂ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಬರ್ಫದ ನೀರಾಗ ಇಟ್ಟು ನೋಡಿದೆ, ಎರಡು 0, ಒಂದು 1 ತೋರಿಸ್ತು, ಅದರ ಮ್ಯಾಲ ಗುರ್ತ ಹಾಕಿದೆ.

ಇನ್ನ ಸಾಕ್ಷಿ ಏನಂತು ಕೇಳ್ರಿ. ಒಂದು ಗುಂಡಿ ಬಾಕ್ಸಿನ ನಡುವ ಮಣೂಕದಾಗ, ಒಂದು ಬಾಕ್ಸಿನ ಹೊರಗ, ಒಂದು ನಮ್ಮ ಶೆಡ್ಡಿನ್ಯಾಗ ಇಟ್ಟಿದ್ದೆ. ಒಂದು ರಾತ್ರಿ ಕರೆಂಟ್ ಹೋಗಿತ್ತು, ಜನರೇಟರ್ ಹಚ್ಚಿದಂಗ ಕಾಣೂದಿಲ್ಲ, ಹೊರಗಿನ ಗುಂಡಿ 5ರಿಂದ 11.5ಕ್ಕ ಏರಿತ್ತು. ಸಿಕ್ಕ್ರು ಅಂತ ಪ್ರಿಂಟ್ ತಗೊಂಡ ಹೊಂಟಿದ್ದೆ. ಆಮ್ಯಾಲ ನಡುವಿನ ಗುಂಡಿ ನೋಡಿದ್ರ ಅದು ಒಂದ ಡಿಗ್ರಿ ಅಲುಗಾಡಿತ್ತು, ತುಂಬಿದ ಬಾಕ್ಸ್ ಅಷ್ಟು ಲಗೂ ಬಿಸಿ ಆಗೂದಿಲ್ಲ. ಶೆಡ್ಡಿನ ಗುಂಡಿ ಮಾತ್ರ ತಗಡಿನ ಕೆಳಗ ಏಪ್ರಿಲ್ ತುಂಬ ಮಧ್ಯಾಹ್ನ 41, 42, 43. ಹೋದ ವರ್ಷ ಒಣಗಿದ ಮಾಲು ಅಲ್ಲೇ ಇಪ್ಪತ್ತು ದಿನ ಬಿದ್ದಿತ್ತು, ಗಾಡಿ ಬಾಡಗಿ ಉಳಸಾಕ ಒಮ್ಮೆಲೇ ಕಳಸೂಣು ಅಂತ ಹೇಳಿದಾಂವ ನಾನ.

ಪ್ರಿಂಟ್ ಮನ್ಯಾಗ ಐತಿ, ಅಪ್ಪಗ ಇನ್ನಾ ತೋರಿಸಿಲ್ಲ. ಕಮಾಂಡ್ ಟೈಪ್ ಮಾಡಾಕ ಬ್ಯಾಸರ ಇಲ್ಲದಾವರು ತಗೋರಿ, ನನ್ನ ಕಡಿಂದ 5ಕ್ಕ 4. ಒಂದು ಮಾರ್ಕ್ ಆ ಬ್ಯಾಟರಿಗೆ ಕಟ್.