ಬದಿಯಡ್ಕದ ಒಂದು ಗುಜರಿ ಅಂಗಡಿ: ಉಪಕರಣ ಮಾಡಿಕೊಳ್ಳುವವರ ಲೆಕ್ಕದಲ್ಲಿ

ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ಪೇಟೆಯನ್ನು ದಾಟಿ ಪೆರ್ಲದ ಕಡೆಗೆ ಸ್ವಲ್ಪ ಸಾಗಿದರೆ, ತಗಡಿನ ಮಾಡಿನ ಕೆಳಗೂ ಅದರ ಹಿಂದಿನ ಬಯಲಿನಲ್ಲೂ ಹರಡಿಕೊಂಡಿರುವ ಒಂದು ಗುಜರಿ ಅಂಗಡಿ ಸಿಗುತ್ತದೆ. ಹಳೆ ಕಬ್ಬಿಣದ ವ್ಯಾಪಾರ ಕುಂಬಳೆಯಲ್ಲೂ ಉಪ್ಪಳದಲ್ಲೂ ನಡೆಯುತ್ತದೆ. ಆದರೆ ಗುಜರಿ ಸಾಮಾನಿನಿಂದಲೇ ಉಳಿ, ಗ್ರೈಂಡರ್, ವೈಸ್ ಮುಂತಾದವನ್ನು ಮನೆಯಲ್ಲಿ ಮಾಡಿಕೊಳ್ಳುವ ನನ್ನಂಥವರಿಗೆ ದರಕ್ಕಿಂತ ಮುಖ್ಯವಾದುದು, ಕೈಯಲ್ಲಿರುವ ತುಂಡು ಯಾವ ಯಂತ್ರದಿಂದ ಬಿಚ್ಚಿದ್ದು ಎಂಬ ಮಾಹಿತಿ. ಆ ಮಾಹಿತಿ ಇಲ್ಲಿ ಸಿಗುತ್ತದೆ ಎಂಬ ಕಾರಣಕ್ಕೇ ನಾನು ಈ ಅಂಗಡಿಯನ್ನು ಉಳಿದವುಗಳಿಗಿಂತ ಮೇಲೆ ಇಡುತ್ತೇನೆ.

ಲಾರಿ ಮತ್ತು ಜೀಪುಗಳ ಸ್ಪ್ರಿಂಗ್ ಪ್ಲೇಟುಗಳನ್ನು ಯಜಮಾನರು ಬೇರೆ ಕಬ್ಬಿಣದೊಂದಿಗೆ ಬೆರೆಸದೆ ಒಂದು ಮೂಲೆಯಲ್ಲಿ ಜೋಡಿಸಿಡುತ್ತಾರೆ. ಉಳಿ, ಬಾಚಿ, ಅಡಿಕೆ ಸುಲಿಯುವ ಕತ್ತಿ ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯ ಉಕ್ಕು ಗುಜರಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಮಾಮೂಲಿ ಆಂಗಲ್ ಅಥವಾ ಫ್ಲ್ಯಾಟಿನ ಕಬ್ಬಿಣದಲ್ಲಿ ಇಂಗಾಲದ ಅಂಶ ಕಡಿಮೆಯಿರುವುದರಿಂದ ಅದನ್ನು ಎಷ್ಟೇ ಕಾಯಿಸಿ ಅದ್ದಿದರೂ ಬಾಯಿ ಗಡಸಾಗುವುದಿಲ್ಲ. ಸ್ಪ್ರಿಂಗ್ ಪ್ಲೇಟನ್ನಾದರೋ ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಇನ್ನೂ ತುಸು ಶಾಖ ಕೊಟ್ಟು ಎಣ್ಣೆಯಲ್ಲಿ ಅದ್ದಿ, ಬಳಿಕ ಉಜ್ಜಿ ಹೊಳಪು ಮಾಡಿದ ಮೇಲ್ಮೈ ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುವವರೆಗೆ ನಿಧಾನವಾಗಿ ಮತ್ತೆ ಕಾಯಿಸಿದರೆ ಬಾಳಿಕೆ ಬರುವ ಉಳಿ ಸಿದ್ಧವಾಗುತ್ತದೆ. ಮುರಿದ ಪ್ಲೇಟೊಂದನ್ನು ನಾನು ಎತ್ತಿಕೊಂಡಾಗ ಯಜಮಾನರು, "ಮಾಷ್ಟ್ರೇ, ಮುರಿದ ಜಾಗದ ಹತ್ತಿರದ್ದು ಬೇಡ, ಆ ತುದಿಯಿಂದ ಕತ್ತರಿಸಿಕೊಳ್ಳಿ" ಎಂದರು. ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಪ್ಲೇಟಿನಲ್ಲಿ ಮುರಿದ ಜಾಗದ ಆಸುಪಾಸಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುವುದು ಸಾಮಾನ್ಯ. ಮಾರಿ ಹಣ ಪಡೆದರೆ ಸಾಕು ಎನ್ನುವ ವ್ಯಾಪಾರಿ ಈ ಮಾತನ್ನು ಹೇಳುವುದಿಲ್ಲ.

ಮೋಟಾರುಗಳ ವಿಭಾಗವನ್ನು ಮಾತ್ರ ಎಚ್ಚರದಿಂದ ನೋಡಬೇಕು. ನಮ್ಮದು ಅಡಿಕೆ ತೋಟಗಳ ಊರಾದ್ದರಿಂದ ಇಲ್ಲಿಗೆ ಬರುವ ಮೋಟಾರುಗಳಲ್ಲಿ ಹೆಚ್ಚಿನವು ಪಂಪ್‌ಸೆಟ್ಟಿನವು. ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಗ್ರೈಂಡರಿಗೆ ಉಪಯೋಗವಿಲ್ಲ, ಏಕೆಂದರೆ ಅದು ತಣಿಯುವುದು ಸುತ್ತಲಿನ ನೀರಿನಿಂದ. ಹೊರಗೆ ಒಣದಾಗಿ ಓಡಿಸಿದರೆ ಬೇಗನೆ ಸುಟ್ಟುಹೋಗುತ್ತದೆ. ಬೇಕಾದುದು ನೆಲದ ಮೇಲೆ ಕೂರುವ, ಹಿಂದೆ ಫ್ಯಾನು ಇರುವ ಮೊನೊಬ್ಲಾಕ್ ಪಂಪಿನ ಮೋಟಾರು. ಇವು ಬಹುಮಟ್ಟಿಗೆ ನಿಮಿಷಕ್ಕೆ 2880 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ. 150 ಮಿ.ಮೀ. ವ್ಯಾಸದ ಸಾಣೆಕಲ್ಲನ್ನು ನೇರವಾಗಿ ಜೋಡಿಸಿದರೆ ಕಲ್ಲಿನ ಅಂಚಿನ ವೇಗ ಸೆಕೆಂಡಿಗೆ ಸುಮಾರು 22.6 ಮೀಟರ್ ಆಗುತ್ತದೆ. ಕಲ್ಲಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತಿನ ಸಂಖ್ಯೆಯನ್ನು ಓದದೆ, ಮೇಲೆ ಗಟ್ಟಿಯಾದ ಕವಚ ಕೂರಿಸದೆ ಯಾರೂ ಸ್ವಿಚ್ ಒತ್ತಬಾರದು. ಕಲ್ಲನ್ನು ಹಿಡಿಯುವ ನಟ್ಟಿನ ಮರೆಯೂ (ತಿರುಪಿನ ಗೆರೆಯೂ) ಮುಖ್ಯ: ತಿರುಗುವಾಗ ಬಿಗಿಯಾಗುವ ದಿಕ್ಕಿನದಾಗಿರಬೇಕು, ಇಲ್ಲದಿದ್ದರೆ ಸಡಿಲಗೊಂಡು ಕಲ್ಲು ಹಾರುವ ಅಪಾಯವಿದೆ.

ಮೋಟಾರು ಕೊಳ್ಳುವ ಮುನ್ನ ಪರೀಕ್ಷಿಸಲು ಗೋಡೆಯಲ್ಲಿ ಸೀರೀಸ್ ಬಲ್ಬಿನ ಬೋರ್ಡ್ ಇಟ್ಟಿದ್ದಾರೆ, ಇದು ನನಗೆ ಬಹಳ ಹಿಡಿಸಿತು. ಒಂದು ತುದಿಯನ್ನು ವೈಂಡಿಂಗಿಗೂ (ಒಳಗಿನ ತಂತಿಯ ಸುರುಳಿಗೂ) ಇನ್ನೊಂದನ್ನು ಮೋಟಾರಿನ ಮೈಗೂ ಹಿಡಿದಾಗ ಬಲ್ಬ್ ಉರಿದರೆ ಆ ಮೋಟಾರು ಮೈಗೆ ಶಾರ್ಟ್ ಆಗಿದೆ ಎಂದರ್ಥ. ಆದರೆ ಈ ಪರೀಕ್ಷೆ ಸಾಲದು. ತೋಟದ ಬಾವಿಕಟ್ಟೆಯಲ್ಲಿ ಮಳೆಗಾಲವೆಲ್ಲ ತೇವ ಕುಡಿದ ವೈಂಡಿಂಗಿನಲ್ಲಿ ಬಲ್ಬ್ ಉರಿಯದಷ್ಟು ಸಣ್ಣ ಸೋರಿಕೆ ಇದ್ದರೂ ಅದು ಮನುಷ್ಯನಿಗೆ ಅಪಾಯಕಾರಿ. ಮನೆಗೆ ತಂದ ಮೇಲೆ ಎಲೆಕ್ಟ್ರಿಷಿಯನ್ ಒಬ್ಬರಿಂದ 500 ವೋಲ್ಟಿನ ಮೆಗ್ಗರ್ (ವೈಂಡಿಂಗಿಗೂ ಮೈಗೂ ನಡುವಿನ ವಿದ್ಯುತ್ ನಿರೋಧ ಅಳೆಯುವ ಉಪಕರಣ) ಹಿಡಿಸಿ, ಕನಿಷ್ಠ 1 ಮೆಗಾಓಮ್ ತೋರಿಸಿದರೆ ಮಾತ್ರ, ಅರ್ಥಿಂಗ್ ಕೊಟ್ಟು ಬಳಸುವುದು ಸರಿ. ಅಂಗಡಿಯವರೇ ಒಂದು ಮೆಗ್ಗರ್ ತಂದಿಟ್ಟರೆ ಗಿರಾಕಿಗಳಿಗೆ ದೊಡ್ಡ ಉಪಕಾರವಾದೀತು. ಈ ಸಲಹೆಯನ್ನು ನಾನು ಅವರಿಗೆ ಹೇಳಿದ್ದೇನೆ.

ಬಡಿಗಲ್ಲಿನ ಬದಲು ಬಳಸಲು ರೈಲು ಹಳಿಯ ತುಂಡು ಕೇಳುವವರು ಬಹಳ. ಇಲ್ಲಿ ಅದು ಸಿಗುವುದಿಲ್ಲ, ಮತ್ತು ಸಿಗದಿರುವುದೇ ಸರಿ. ಕದ್ದ ರೈಲ್ವೆ ಸೊತ್ತನ್ನು ಇಟ್ಟುಕೊಳ್ಳುವುದು 1966ರ ಕಾನೂನಿನ ಪ್ರಕಾರ ಅಪರಾಧ. ಅದರ ಬದಲು ಲಾರಿಯ ಏಕ್ಸಲಿನ ದಪ್ಪ ತುಂಡನ್ನು ಕೊಡುತ್ತಾರೆ. ಮರದ ಕೊರಡಿನಲ್ಲಿ ನೆಟ್ಟಗೆ ಹುಗಿದು ನಿಲ್ಲಿಸಿದರೆ ಸಣ್ಣ ಕೆಲಸಕ್ಕೆ ಅದು ಧಾರಾಳ ಸಾಕು.

ಕೊರತೆಗಳೂ ಇವೆ. ಬೇರಿಂಗುಗಳನ್ನು ತೆರೆದ ಡಬ್ಬಗಳಲ್ಲಿ ಇಡುವುದರಿಂದ ನಮ್ಮ ಮಳೆಗೆ ಅವುಗಳ ಒಳಗೆ ತುಕ್ಕು ಹಿಡಿಯುತ್ತದೆ. ಹಳೆಯದರ ಮೇಲಿನ ಸಂಖ್ಯೆಯನ್ನು ಓದಿಕೊಂಡು ಹೊಸದನ್ನೇ ಕೊಳ್ಳಿ. 6203 ಎಂದಿದ್ದರೆ ಒಳವ್ಯಾಸ 17 ಮಿ.ಮೀ., 6204 ಎಂದಿದ್ದರೆ 20 ಮಿ.ಮೀ. ಸತುವಿನ ಲೇಪವಿರುವ ಜಿ.ಐ. ಪೈಪುಗಳನ್ನು ಮಾಮೂಲಿ ಪೈಪುಗಳ ಜೊತೆ ಬೆರೆಸಿ ಇಟ್ಟಿರುವುದು ಇನ್ನೂ ಗಂಭೀರವಾದ ವಿಷಯ. ಆ ಲೇಪವನ್ನು ಉಜ್ಜಿ ತೆಗೆಯದೆ ವೆಲ್ಡಿಂಗ್ ಮಾಡಿದರೆ ಏಳುವ ಬಿಳಿ ಹೊಗೆಯಿಂದ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ, ಗೊತ್ತಿಲ್ಲದವರು ಅದನ್ನು ಮಾಮೂಲಿ ಜ್ವರವೆಂದೇ ತಿಳಿಯುತ್ತಾರೆ. ಮೈಕ್ರೋವೇವ್ ಒಲೆಗಳನ್ನು ಬಿಚ್ಚದೆ ಇಡಿಯಾಗಿ ಮಾರುವುದನ್ನೂ ನಾನು ಒಪ್ಪುವುದಿಲ್ಲ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ತೆಳು ತಗಡುಗಳನ್ನು ಬೆಸೆಯುವ ಸ್ಪಾಟ್ ವೆಲ್ಡರ್ ಮಾಡುವ ಆಸೆಯಿಂದ ಅದನ್ನು ಒಯ್ಯುವ ಹುಡುಗರಿಗೆ ಯಜಮಾನರು ಈ ಮಾತು ತಿಳಿಸಲೇಬೇಕು.

ಕಬ್ಬಿಣಕ್ಕೆ ಕಿಲೋ ಲೆಕ್ಕ, ಮೋಟಾರಿಗೆ ಚೌಕಾಸಿ. ತೂಕದಲ್ಲಿ ಮೋಸ ಕಂಡಿಲ್ಲ. ತೋಟದ ಸಾಮಾನು ಹೆಚ್ಚಾಗಿ ಬರುವುದು ಮಳೆ ಶುರುವಾಗುವ ಮುಂಚೆ, ಹಳೆ ಪಂಪುಗಳನ್ನು ಬದಲಾಯಿಸುವ ಬೇಸಗೆಯಲ್ಲಿ. ಆಗ ಬೆಳಿಗ್ಗೆಯೇ ಹೋದರೆ ವರ್ಕ್‌ಶಾಪಿನವರು ಆರಿಸುವ ಮೊದಲು ಒಳ್ಳೆಯ ಮೋಟಾರು ಸಿಗುತ್ತದೆ. ಹೋಗುವಾಗ ಒಂದು ಅಯಸ್ಕಾಂತ, ಒಂದು ಹಳೆ ಅರ, ಅಳತೆಗೆ ಒಂದು ವರ್ನಿಯರ್ ಜೇಬಿನಲ್ಲಿರಲಿ. ಅರ ಕಚ್ಚದೆ ಜಾರಿದರೆ ಆ ಉಕ್ಕು ಗಡಸು, ಅಯಸ್ಕಾಂತ ಹಿಡಿಯದಿದ್ದರೆ ಅದು ಬಹುಶಃ ಸ್ಟೀಲ್ ಪಾತ್ರೆಯ ಜಾತಿಯದು, ಉಳಿಗೆ ಬಾರದು.