ಪಾಕೆಟ್ ತೂಕದ ಮಷೀನ್ (0.01 ಗ್ರಾಂ), ಹಳೇ ವರಹ ಚೆಕ್ ಮಾಡ್ಲಿಕ್ಕೆ ಸಾಕಾ?

ಮೊದ್ಲ ಹೇಳಿಬಿಡ್ತೀನ್ರಿ, ಐನೂರು ರೂಪಾಯಿ ಒಳಗಿನ ಈ ಮಷೀನ್ ನಿಮ್ಮ ನಾಣ್ಯ ಬಂಗಾರದ್ದೋ ಹಿತ್ತಾಳಿದೋ ಅಂತ ಹೇಳ್ತದ, ಕೃಷ್ಣದೇವರಾಯನ ಕಾಲದ್ದೋ ಮೊನ್ನೆ ಮಾಡಿದ್ದೋ ಅನ್ನೂದನ್ನ ಹೇಳಂಗಿಲ್ಲ.

ನಮ್ಮಾಯಿ ಬಿಟ್ಟುಹೋದ ವರಹ ಅದ, ಒಂದ್ ಕಡೆ ಕುಂತ ಬಾಲಕೃಷ್ಣ, ಹಿಂದ ಮೂರು ಸಾಲು ನಾಗರಿ, ಶ್ರೀ ಪ್ರತಾಪ ಕೃಷ್ಣರಾಯ ಅಂತ. ಇಲ್ಲೇ ವಿಜಯಪುರದಾಗ ಬಂಗಾರದಂಗಡಿಗೆ ಒಯ್ದ್ರ ಒರೆಗಲ್ಲಿಗೆ ತಿಕ್ಕಿ ನೋಡೂಣು ಅಂತಾರ, ತಿಕ್ಕಿದ್ರ ಅಂಚು ಸವೀತದ, ಸವದದ್ದು ಮತ್ತ ಬರಂಗಿಲ್ಲ. ಅದಕ್ಕ ಇದನ್ನ ತರಿಸಿದೆ.

ಬರೇ ತೂಕ ನೋಡಿದ್ರ 3.39 ಗ್ರಾಂ. ಪೂರ್ಣ ವರಹ ಸುಮಾರು 3.4 ಇರ್ತದ, ಹಂಗಾಗಿ ಸರಿ, ಆದ್ರ ನಕಲಿ ಮಾಡಾವ್ರಿಗೂ ಈ ತೂಕ ಗೊತ್ತಿರ್ತದಲ್ರಿ. ಖರೇ ಪರೀಕ್ಷಾ ನೀರಿನ್ಯಾಗ. ಸಣ್ಣ ವಾಟಿಯೊಳಗ ನೀರು ಹಾಕಿ ಮಷೀನ್ ಮ್ಯಾಲ ಇಟ್ಟು ಟೇರ್ (ಅಂಕಿ ಸೊನ್ನೆಗೆ ತರೋ ಗುಂಡಿ) ಒತ್ರಿ, ನಾಣ್ಯಾನ ತೆಳು ದಾರಕ್ಕ ಕಟ್ಟಿ ತಳಕ್ಕ ತಾಗದಂಗ ಪೂರ್ತಿ ಮುಳುಗಿಸಿ ಹಿಡೀರಿ, ಆಗ ಬರೋ ಅಂಕಿ ಅಂದ್ರ ನಾಣ್ಯ ಸರಿಸಿದ ನೀರಿನ ತೂಕ. ನಂದು 0.19 ತೋರಸ್ತು, 3.39ನ್ನ ಅದರಿಂದ ಭಾಗಿಸಿದ್ರ 17.8, ಅಂದ್ರ ನೀರಿಗಿಂತ 17.8 ಪಟ್ಟು ಭಾರ, 22 ಕ್ಯಾರೆಟ್ ಬಂಗಾರದ ಆಜುಬಾಜು. ಹಿತ್ತಾಳಿ ಆಗಿದ್ರ 0.40 ಬರ್ತಿತ್ತು. ಆದ್ರ 0.01 ಅತ್ತಿತ್ತ ಆದ್ರೂ ಉತ್ತರ 17ರಿಂದ 18.8ರ ತನಕ ಓಡಾಡ್ತದ, ಹಂಗಾಗಿ ಕ್ಯಾರೆಟ್ ಇಷ್ಟೇ ಅಂತ ಇದರ ಮ್ಯಾಲ ಹೇಳಬ್ಯಾಡ್ರಿ. ಫ್ಯಾನ್ ಬಂದ್ ಮಾಡ್ರಿ, ಗಾಳಿಗೆ ಅಂಕಿ ಕುಣೀತದ. ನಾಣ್ಯಕ್ಕ ಗುಳ್ಳಿ ಅಂಟಿದ್ರೂ ತಪ್ಪು ಬರ್ತದ, ನೀರಿಗೆ ಒಂದ್ ಹನಿ ಸೋಪು ಹಾಕ್ರಿ.

ವಯಸ್ಸಿಗೆ ಮಾತ್ರ ಕಣ್ಣೇ ಬೇಕು. ಬ್ಯಾರೇ ತಗೊಂಡ ಲೂಪ್ (ಸಣ್ಣ ಭೂತಗನ್ನಡಿ) ಹಿಡದು ನೋಡಿದೆ, ಅಂಚಿನ ಸುತ್ತ ಬೆಸಗಿಯಂಥ ಗೆರಿ ಇಲ್ಲ, ಎರಕ ಹೊಯ್ದದ್ರಾಗ ಇರೋ ಸೂಜಿಮೊನೆ ತೂತುಗಳೂ ಇಲ್ಲ, ಅಕ್ಷರ ಅಚ್ಚು ಒತ್ತಿದಂಗ ಚೂಪಾಗಿ ಎದ್ದಾವ, ಒಂದ್ ಬದಿಗೆ ಒಂದೆರಡು ಅಕ್ಷರ ಅರ್ಧ ಕಟ್ ಆಗ್ಯಾವ. ಅದನ್ನ ನೋಡಿ ನಕಲಿ ಅನ್ನಬ್ಯಾಡ್ರಿ, ಅಚ್ಚಿಗಿಂತ ಅದನ್ನ ಒತ್ತೋ ಬಂಗಾರದ ಬಿಲ್ಲಿ ಸಣ್ಣದಿದ್ರ ಹಂಗ ಆಗೇ ಆಗ್ತದ. ಆದ್ರೂ ಬಂಗಾರದಾಗೇ ಹೊಸ ಅಚ್ಚು ಒತ್ತಿದ್ರ ಈ ಮಷೀನಿಗೆ ತಿಳಿಯಂಗಿಲ್ಲ, ಮಾರೂ ವಿಚಾರ ಇದ್ರ ಹಳೇ ನಾಣ್ಯ ನೋಡಿ ಪಳಗಿದವ್ರಿಗೆ ತೋರಸ್ರಿ, ಹುಣಸೀಹಣ್ಣು ಹಚ್ಚಿ ತಿಕ್ಕಿ ಒಯ್ಯಬ್ಯಾಡ್ರಿ.

ಮಷೀನಿನ ಮುಚ್ಚಳ ಹಗೂರ ಅದ, ಕೊಂಡಿ ಸಡಲಾಗ್ಯದ, ಅದಕ್ಕ ಒಂದ್ ಸ್ಟಾರ್ ಕಡಿಮಿ. ಆದಿಲ್‌ಶಾಹಿ ಕಾಲದ ಲಾರಿ, ಅಂದ್ರ ಬೆಳ್ಳಿ ತಂತಿ ಮಡಚಿ ಮಾಡಿದ ನಾಣ್ಯ, ಮನ್ಯಾಗಿದ್ದವ್ರಿಗೂ ಇದು ನಡೀತದ, 4.7 ಗ್ರಾಂ ತುಣುಕು ಬೆಳ್ಳೀದಿದ್ರ ನೀರಿನ್ಯಾಗ 0.45 ಸಮೀಪ ಬರಬೇಕು, ಜರ್ಮನ್ ಸಿಲ್ವರ್ ಇದ್ರ 0.54.